ಪೆಟ್ಟಿಗೆಯೊಳಗಿನ ಬಿಸಿ

ಸಾಗರ, ಫೆಬ್ರವರಿ ೭, ೧೯೬೯, ಶುಕ್ರವಾರ

ತಂತಿ ಬಂತು. ಬೆಂಗಳೂರಿನಿಂದ ನಾರಾಯಣಮೂರ್ತಿ ಮೇಷ್ಟ್ರು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದಾರೆ. ಎಂ.ಎಸ್ಸಿ.ಯಲ್ಲಿ ನನಗೆ ಪಾಠ ಹೇಳಿದವರು. ಅವರಿಗೆ ಇದನ್ನು ಕೊಟ್ಟವರು ಅಮೆರಿಕದ ಯಾವುದೋ ಪ್ರಯೋಗಶಾಲೆಯ ಸ್ನೇಹಿತರಂತೆ. ನಿಕ್ಕಲ್ ಮತ್ತು ಟೈಟೇನಿಯಂ ಸೇರಿಸಿ ಮಾಡಿದ ಮಿಶ್ರಲೋಹ. ಒಂದು ಗೇಣು ಉದ್ದ, ಗೋಣಿ ಹೊಲಿಯುವ ಸೂಜಿಯಷ್ಟು ದಪ್ಪ. ರಸ್ತೆಯಲ್ಲಿ ಬಿದ್ದಿದ್ದರೆ ಯಾರೂ ಬಗ್ಗಿ ಎತ್ತಿಕೊಳ್ಳುತ್ತಿರಲಿಲ್ಲ.

ಪ್ರಯೋಗಶಾಲೆಯ ಬಾಗಿಲು ಹಾಕಿಕೊಂಡು ಒಬ್ಬನೇ ಮಾಡಿ ನೋಡಿದೆ. ಕೈಯಲ್ಲಿ ಬಗ್ಗಿಸಿದರೆ ಸೀಸದ ಹಾಗೆ ಬಗ್ಗುತ್ತದೆ, ಬಗ್ಗಿದಲ್ಲೇ ನಿಲ್ಲುತ್ತದೆ. ಬಿಸಿನೀರಿಗೆ ಇಳಿಸಿದ ಕೂಡಲೇ ಚಿಮ್ಮಿ ನೆಟ್ಟಗಾಗುತ್ತದೆ. ಬಗ್ಗಿಸಿದ್ದೇ ಇಲ್ಲವೇನೋ ಎಂಬಷ್ಟು ನೆಟ್ಟಗೆ. ನಾಲ್ಕೈದು ಸಲ ಮಾಡಿದೆ. ಆಮೇಲೆ ಹೆದರಿಕೆಯಾಗಿ ನಿಲ್ಲಿಸಿದೆ. ಮೇಷ್ಟ್ರು ಎರಡು ಎಚ್ಚರಿಕೆ ಕೊಟ್ಟಿದ್ದಾರೆ. ತೀರ ಮಡಚಬಾರದು, ಒಂದು ಮಿತಿ ದಾಟಿದರೆ ಮರಳಿ ಬರುವುದಿಲ್ಲ. ಬೆಂಕಿಗೆ ಹಿಡಿಯಬಾರದು, ಕೆಂಪಗೆ ಕಾದರೆ ಹಳೆಯ ಆಕಾರ ಮರೆತು ಆ ಹೊತ್ತಿಗೆ ಹೇಗಿದೆಯೋ ಅದನ್ನೇ ತನ್ನ ಆಕಾರವೆಂದು ಇಟ್ಟುಕೊಳ್ಳುತ್ತದೆ.

ಮಾರ್ಚ್ ಎಂಟಕ್ಕೆ ವಿಶ್ವವಿದ್ಯಾಲಯದ ಸಮಿತಿ ಬರುತ್ತದೆ. ಮೇಷ್ಟ್ರೂ ಅದರಲ್ಲಿದ್ದಾರೆ. ನಮ್ಮದು ಹೊಸ ಕಾಲೇಜು, ಪ್ರಯೋಗಶಾಲೆಯಲ್ಲಿ ತೋರಿಸಲು ಹೆಚ್ಚೇನಿಲ್ಲ. ಪ್ರಿನ್ಸಿಪಾಲರು ಕರೆದು, "ನಾಗರಾಜಪ್ಪನವರೇ, ಆ ದಿನ ನಿಮ್ಮ ತಂತಿಯೇ ನಮ್ಮ ಮಾನ ಉಳಿಸಬೇಕು" ಎಂದರು. ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅವರ ಕೋಣೆಯಿಂದ ಹೊರಗೆ ಬಂದಾಗ ಅಂಗಿಯ ಬೆನ್ನು ಒದ್ದೆಯಾಗಿತ್ತು.

ಹೆಂಡತಿ ಬೆಳ್ಳಿ, ಹೊಸನಗರದ ಹತ್ತಿರ ತವರಿನಲ್ಲಿದ್ದಾಳೆ. ಹೆರಿಗೆ ಏಪ್ರಿಲ್‌ನಲ್ಲಿ. ಈಗಲೇ ಅದನ್ನು ಯೋಚಿಸುವುದು ಬೇಡ.

ತೀರ್ಥಹಳ್ಳಿ, ಫೆಬ್ರವರಿ ೧೨

ಕೂಸು ಹುಟ್ಟಿದೆ. ಹೆಣ್ಣು. ಎರಡು ತಿಂಗಳು ಮೊದಲೇ. ಬದುಕಿದೆ. ಬೆಳ್ಳಿಯೂ ಬದುಕಿದ್ದಾಳೆ.

ಇವತ್ತು ಇಷ್ಟೇ ಬರೆಯಲಾಗುವುದು.

ಫೆಬ್ರವರಿ ೧೩

ಸೋಮವಾರ ಮಧ್ಯಾಹ್ನ ಬೆಳ್ಳಿಗೆ ನೋವು ಶುರುವಾಯಿತಂತೆ. ಮಾವ ಅಂಜನಪ್ಪನವರು ಬಿದಿರು ಸಾಗಿಸುವ ಲಾರಿ ನಿಲ್ಲಿಸಿ, ಹಿಂದೆ ಹುಲ್ಲು ಹಾಸಿ, ಅವಳನ್ನು ಮಲಗಿಸಿಕೊಂಡು ತೀರ್ಥಹಳ್ಳಿಗೆ ತಂದಿದ್ದಾರೆ. ಇಲ್ಲಿಯ ಸುಬ್ಬರಾಯ ಡಾಕ್ಟರ ಆಸ್ಪತ್ರೆಗೆ ಬಂದು ಅರ್ಧ ಗಂಟೆಯೊಳಗೆ ಹೆರಿಗೆ. ನನಗೆ ಸುದ್ದಿ ಮುಟ್ಟಿದ್ದು ಮರುದಿನ. ಕ್ಲಾಸು ಬಿಟ್ಟು ಹಾಗೇ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಜೇಬು ಮುಟ್ಟಿಕೊಂಡಾಗ ಥರ್ಮಾಮೀಟರಿನ ಡಬ್ಬಿ ಕೈಗೆ ಸಿಕ್ಕಿತು. ಅದರೊಳಗೆ ತಂತಿ. ತೆಗೆದಿಡುವುದನ್ನು ಮರೆತಿದ್ದೆ.

ಕೂಸನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಡಾಕ್ಟರೇ ಬಡಗಿಯಿಂದ ಮಾಡಿಸಿದ ಮರದ ಪೆಟ್ಟಿಗೆ. ಒಳಗೆ ಹತ್ತಿ ಹಾಸಿದೆ, ಮೇಲೆ ಗಾಜಿನ ಮುಚ್ಚಳ. ತಳದಲ್ಲಿ ಬೇರೆ ಖಾನೆ ಮಾಡಿ ಒಂದು ಬಲ್ಬು ಉರಿಸುತ್ತಾರೆ, ಪಕ್ಕದಲ್ಲಿ ನೀರಿನ ಬಟ್ಟಲು. ತಾಯಿಯ ಹೊಟ್ಟೆಯಲ್ಲಿ ಸಿಗಬೇಕಾಗಿದ್ದ ಬಿಸಿ ಈ ಬಲ್ಬಿನಿಂದ ಸಿಗಬೇಕು. ಇಂಥ ಕೂಸುಗಳಿಗೆ ತಮ್ಮ ಮೈಯ ಬಿಸಿ ಉಳಿಸಿಕೊಳ್ಳಲು ಬರುವುದಿಲ್ಲವಂತೆ.

ಒಂದು ಸಲ ನೋಡಿದೆ. ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು. ಚರ್ಮದ ಒಳಗೆ ನರಗಳು ಕಾಣುತ್ತಿದ್ದವು. ಉಸಿರಾಡಿದಾಗ ಪಕ್ಕೆಲುಬುಗಳ ಮಧ್ಯೆ ಗುಳಿ ಬೀಳುತ್ತಿತ್ತು. ಕಣ್ಣು ತೆಗೆದು ಗೋಡೆ ನೋಡಿದೆ.

ನನಗೆ ಎಂಟು ವರ್ಷವಾಗಿದ್ದಾಗ ಅವ್ವ ಹೆರಿಗೆಯಲ್ಲಿ ಹೋದಳು. ತಮ್ಮ ನಾಲ್ಕು ದಿನ ಇದ್ದ. ನಾನು ಅವನನ್ನು ಎತ್ತಿಕೊಳ್ಳಬೇಕೆಂದು ಹಟ ಮಾಡಿ ಎತ್ತಿಕೊಂಡಿದ್ದೆ. ಐದನೆಯ ದಿನ ಎತ್ತಿಕೊಳ್ಳಲು ಅವನಿರಲಿಲ್ಲ.

ಫೆಬ್ರವರಿ ೧೫

ಪೆಟ್ಟಿಗೆಯ ಬಿಸಿ ತೊಂಬತ್ತು ಡಿಗ್ರಿಯ ಆಸುಪಾಸಿನಲ್ಲಿ ಇರಬೇಕು, ಫ್ಯಾರನ್‌ಹೀಟ್ ಲೆಕ್ಕದಲ್ಲಿ. ಎಂಬತ್ತಕ್ಕೆ ಇಳಿದರೆ ಕೂಸು ತಣ್ಣಗಾಗುತ್ತದೆ. ನೂರು ದಾಟಿದರೆ ಒಳಗೇ ಬೇಯುತ್ತದೆ. "ಬೇಯುತ್ತದೆ" ಎಂದದ್ದು ಡಾಕ್ಟರಲ್ಲ, ನಾನೇ. ಅವರು ಮೆತ್ತಗೆ ಹೇಳಿದರು.

ಈ ತಿಂಗಳಲ್ಲಿ ಬೆಳಗಿನ ಜಾವ ಕಂಬಳಿ ಬಿಟ್ಟು ಏಳಲಾಗದಷ್ಟು ಚಳಿ, ಮಧ್ಯಾಹ್ನ ಹೆಂಚು ಸುಡುವ ಬಿಸಿಲು. ಬಲ್ಬು ಒಂದೇ. ಅದರ ಜೊತೆ ಕರೆಂಟು ಒಮ್ಮೆ ಮಂಕಾಗುತ್ತದೆ, ಒಮ್ಮೆ ಕಣ್ಣು ಕುಕ್ಕುತ್ತದೆ. ನರ್ಸ್ ಕಾರ್ಮಿನ್ ಬಾಯಿ ಒಬ್ಬರೇ, ಒಂಬತ್ತು ಹಾಸಿಗೆ ನೋಡಿಕೊಳ್ಳಬೇಕು. ಹೋಗುತ್ತ ಬರುತ್ತ ಪೆಟ್ಟಿಗೆಯ ಥರ್ಮಾಮೀಟರ್ ನೋಡಿ, ಬಿಸಿ ಹೆಚ್ಚಾಗಿದ್ದರೆ ಸ್ವಿಚ್ ಆರಿಸುತ್ತಾರೆ, ಕಡಿಮೆಯಾಗಿದ್ದರೆ ಹಚ್ಚುತ್ತಾರೆ. ಬಿಸಿಯನ್ನು ತಾನಾಗಿಯೇ ಅಂಕೆಯಲ್ಲಿಡುವ ಸಾಧನ ಮದ್ರಾಸಿನಿಂದ ಬರಬೇಕು. ಬರಲು ಒಂದೂವರೆ ತಿಂಗಳಾದರೂ ಬೇಕಂತೆ.

ನಾನು ಸ್ಟೂಲು ಹಾಕಿಕೊಂಡು ಪೆಟ್ಟಿಗೆಯ ಪಕ್ಕದಲ್ಲಿ ಕೂತೆ. ಪಾದರಸದ ಗೆರೆಯನ್ನು ನೋಡುತ್ತೇನೆ. ಗೆರೆಯಿಂದ ಒಂದು ಅಂಗುಲ ಆಚೆ ಕೂಸಿದೆ. ಆ ಕಡೆ ಕಣ್ಣು ಹೋಗದ ಹಾಗೆ ನೋಡಿಕೊಳ್ಳುತ್ತೇನೆ.

"ಎಂತ ಮೇಷ್ಟ್ರೇ, ನೀವು ಊಟಕ್ಕಾದ್ರೂ ಏಳಬೇಕಪ್ಪ" ಎಂದರು ಡಾಕ್ಟರು.

ಉಂಡು ಬರುವಷ್ಟರಲ್ಲಿ ತೊಂಬತ್ತಾರಾಗಿತ್ತು.

ಫೆಬ್ರವರಿ ೧೬, ಭಾನುವಾರ

ಬೆಳಿಗ್ಗೆ ಜಗಲಿಯಲ್ಲಿ ಕೂತು ತಂತಿಯನ್ನು ಬೆರಳಿಗೆ ಸುತ್ತುತ್ತಿದ್ದೆ. ಸುತ್ತುತ್ತಿದ್ದೇನೆಂದು ಗೊತ್ತೇ ಇರಲಿಲ್ಲ. ಅತ್ತೆ ಮಾಸ್ತಮ್ಮ ಚಹಾ ತಂದುಕೊಟ್ಟವರು ಕೇಳಿದರು:

"ಅದೆಂತ ಅಳಿಯಂದ್ರೇ, ಕೈಗೆ ತಂತಿ ಸುತ್ಕಂಡೀರಿ? ಚುಚ್ಚಿ ಗಾಯ ಆಗಲ್ವಾ?"

ನೋಡಿ ಎಂದು ಹೇಳಿ, ಬಳೆಯಂತಾಗಿದ್ದ ತಂತಿಯನ್ನು ಚಹಾ ಲೋಟಕ್ಕೆ ಇಳಿಸಿದೆ. ಚಿಮ್ಮಿತು. ಚಹಾ ಅವರ ಸೀರೆಗೆ ಹಾರಿತು.

"ಅಯ್ಯಯ್ಯಪ್ಪ! ಜೀವ ಐತೇನ್ರೀ ಅದಕ್ಕೆ?"

ಆ ಗಲಾಟೆಗೆ ಡಾಕ್ಟರು ಹೊರಗೆ ಬಂದರು. ಇನ್ನೊಂದು ಸಲ ಮಾಡಿಸಿದರು. ಮಾಟವಲ್ಲ ಎಂದು ವಿವರಿಸಿದೆ. ತಣ್ಣಗಿರುವಾಗ ಲೋಹದ ಅಣುಗಳ ಸಾಲುಗಳು ಸಡಿಲವಾಗಿ, ಓರೆಯಾಗಿ ಕೂತಿರುತ್ತವೆ. ಬಗ್ಗಿಸಿದರೆ ಸಾಲಿಗೆ ಸಾಲೇ ವಾಲುತ್ತದೆ. ಆದರೆ ಯಾವ ಅಣುವೂ ಪಕ್ಕದ್ದರ ಕೈ ಬಿಡುವುದಿಲ್ಲ. ಬಿಸಿಯಾದಾಗ ಅವು ಗಟ್ಟಿಯಾದ ಇನ್ನೊಂದು ಜೋಡಣೆಗೆ ಹೋಗಬೇಕು. ಯಾರೂ ಕೈ ಬಿಟ್ಟಿಲ್ಲವಾದ್ದರಿಂದ ಅದಕ್ಕೆ ಇರುವುದು ಒಂದೇ ದಾರಿ, ಎಲ್ಲರೂ ಮೊದಲಿನ ಜಾಗಕ್ಕೇ ಹಿಂದಿರುಗುವುದು. ಬೇರೆ ತಂತಿಗಳಲ್ಲಿ ಹೀಗಾಗುವುದಿಲ್ಲ. ಬಗ್ಗಿಸಿದರೆ ಅಣುಗಳು ಜಾರಿ ಬೇರೆಯವರ ಪಕ್ಕ ಕೂತುಬಿಡುತ್ತವೆ.

"ಎಷ್ಟು ಬಿಸಿಗೆ ಏಳ್ತದೆ ಇದು?" ಎಂದರು ಡಾಕ್ಟರು.

"ನೂರರ ಹತ್ತಿರ ಹತ್ತಿರ."

ಇಬ್ಬರೂ ಒಟ್ಟಿಗೇ ಪೆಟ್ಟಿಗೆಯಿದ್ದ ಕೋಣೆಯ ಕಡೆ ನೋಡಿದೆವು.

ಫೆಬ್ರವರಿ ೧೮

ಆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ನಿನ್ನೆ ಇಡೀ ದಿನ ಕೂತು ಸಾಧನ ಮಾಡಿದೆ. ತಂತಿಯನ್ನು ಬಿಲ್ಲಿನ ಹಾಗೆ ಸ್ವಲ್ಪವೇ ಬಗ್ಗಿಸಿ, ಒಂದು ತುದಿಯನ್ನು ಹಲಗೆಗೆ ಬಿಗಿದೆ. ಬಿಸಿ ಹೆಚ್ಚಾದರೆ ತಂತಿ ನೆಟ್ಟಗಾಗಿ, ಇನ್ನೊಂದು ತುದಿ ಎರಡು ಹಿತ್ತಾಳೆ ಪಟ್ಟಿಗಳನ್ನು ದೂರ ತಳ್ಳುತ್ತದೆ, ಬಲ್ಬು ಆರುತ್ತದೆ. ತಂತಿಗೆ ನೆಟ್ಟಗಾಗುವುದು ಮಾತ್ರ ಗೊತ್ತು, ತಾನಾಗಿ ಮತ್ತೆ ಬಗ್ಗುವುದು ಗೊತ್ತಿಲ್ಲ. ಅದಕ್ಕಾಗಿ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿದೆ. ತಣ್ಣಗಾಗಿ ಮೆತ್ತಗಾದಾಗ ರಬ್ಬರು ಅದನ್ನು ಎಳೆದು ಬಗ್ಗಿಸಬೇಕು, ಪಟ್ಟಿಗಳು ಕೂಡಬೇಕು, ಬಲ್ಬು ಹತ್ತಬೇಕು. ಮನುಷ್ಯರು ಬೇಕಾಗಿಲ್ಲ.

ಇವತ್ತು ಬೆಳಿಗ್ಗೆ ಹಿತ್ತಲಿನ ಕೋಣೆಯಲ್ಲಿ, ಖಾಲಿ ಚಹಾಪುಡಿ ಪೆಟ್ಟಿಗೆಯಲ್ಲಿ ಬಲ್ಬು ಇಟ್ಟು ಪರೀಕ್ಷೆ ಮಾಡಿದೆವು. ಹೊರಗೆ ಇನ್ನೂ ಮಂಜು. ಪಾದರಸ ಏರಿತು. ನೂರು ಮುಟ್ಟುವಾಗ ತಂತಿ ಎದ್ದಿತು, ಟಕ್ ಎಂದು ಬಲ್ಬು ಆರಿತು. ಡಾಕ್ಟರು ನನ್ನ ಬೆನ್ನು ತಟ್ಟಿದರು.

"ಶಾಭಾಸ್ ಮೇಷ್ಟ್ರೇ! ಈಗ್ಲೇ ತಗೊಂಡು ಹೋಗಿ ಕೂಸಿನ ಪೆಟ್ಟಿಗೆಗೆ ಹಾಕುವ."

ಹೂಂ ಎಂದೆ. ಬಿಚ್ಚಲು ಕೈ ಹಾಕಿಯೂ ಆಗಿತ್ತು. ಯಾಕೋ, ತಿರುಗಿ ಹತ್ತುವುದನ್ನೂ ನೋಡಿಬಿಡೋಣ ಸಾರ್ ಎಂದೆ. ನನ್ನ ಹೆದರಿಕೆ ಅವರಿಗೆ ಈಗ ಅಭ್ಯಾಸವಾಗಿದೆ. ನಕ್ಕು ರೋಗಿಗಳನ್ನು ನೋಡಲು ಹೋದರು.

ಕೂತೆ. ತೊಂಬತ್ತೈದಕ್ಕೆ ಇಳಿಯಿತು. ಬಲ್ಬು ಹತ್ತಲಿಲ್ಲ. ತೊಂಬತ್ತು. ಈಗ ಹತ್ತಬೇಕಿತ್ತು. ಎಂಬತ್ತೈದು. ರಬ್ಬರು ಬಿಗಿಯಾಗಿಯೇ ಇದೆ, ತಂತಿ ನೆಟ್ಟಗೆ ನಿಂತೇ ಇದೆ. ಎಂಬತ್ತು. ಕೂಸು ತಣ್ಣಗಾಗುವ ಬಿಸಿ. ತಂತಿ ಅಲ್ಲಾಡಲಿಲ್ಲ. ಪಾದರಸ ಎಪ್ಪತ್ತೈದಕ್ಕೆ ಬಂದಾಗ ನಿಧಾನವಾಗಿ ಸೋತು ಬಗ್ಗಿತು, ಬಲ್ಬು ಹತ್ತಿತು.

ಏರುವ ದಾರಿ ಒಂದು, ಇಳಿಯುವ ದಾರಿ ಇನ್ನೊಂದು. ನಡುವೆ ಇಪ್ಪತ್ತೈದು ಡಿಗ್ರಿ ಅಂತರ. ಬಿಸಿಯಲ್ಲಿ ಒಮ್ಮೆ ಗಟ್ಟಿ ಜೋಡಣೆಗೆ ಹೋದ ಅಣುಗಳು ಅಷ್ಟು ಸುಲಭಕ್ಕೆ ಸಡಿಲವಾಗುವುದಿಲ್ಲ. ತುಂಬ ತಣ್ಣಗಾಗಬೇಕು. ಇದು ನನಗೆ ಪುಸ್ತಕದಲ್ಲಿ ಗೊತ್ತಿದ್ದ ಸಂಗತಿ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ.

ಕೂಸಿನ ಪೆಟ್ಟಿಗೆಗೆ ಹಾಕಿದ್ದರೆ ಬಲ್ಬು ಒಮ್ಮೆ ಆರುತ್ತಿತ್ತು. ಸಾಧನ ಇದೆಯಲ್ಲ ಎಂದು ಯಾರೂ ನೋಡುತ್ತಿರಲಿಲ್ಲ.

ಫೆಬ್ರವರಿ ೧೯

ಹಾಕಿಬಿಡುತ್ತಿದ್ದೆ.

ಫೆಬ್ರವರಿ ೨೧

ಎರಡು ದಿನ ತಂತಿಯನ್ನು ಡಬ್ಬಿಯಿಂದ ಹೊರಗೆ ತೆಗೆಯಲಿಲ್ಲ. ಡಾಕ್ಟರೇ ಬಂದು ಪಕ್ಕದಲ್ಲಿ ಕೂತರು.

"ಏರುವಾಗ ನೂರಕ್ಕೆ ಸರಿಯಾಗಿ ಎದ್ದಿತೋ ಇಲ್ವೋ?"

"ಎದ್ದಿತು ಸಾರ್. ಇಳಿಯುವಾಗ..."

"ಇಳಿಯೋದು ಬಿಡಿ ಮಾರಾಯ್ರೇ. ಆರಿಸಿ ಹಚ್ಚಲಿಕ್ಕೆ ನಾವು ಇದ್ದೇವೆ. ಬಿಸಿ ಏರಿದಾಗ ಒಂದು ಕೂಗು ಹಾಕಲಿ ಸಾಕು."

ಹಾಗಾಗಿ ಈಗ ಅದು ಬಲ್ಬಿನ ತಂಟೆಗೆ ಹೋಗುವುದಿಲ್ಲ. ರೇಡಿಯೋ ರಿಪೇರಿ ಅಂಗಡಿಯಿಂದ ಒಂದು ಗಂಟೆ ತಂದೆ. ಟಾರ್ಚಿನ ಬ್ಯಾಟರಿಯಲ್ಲಿ ಬಡಿಯುವಂಥದ್ದು. ತಂತಿ ನೆಟ್ಟಗಾದರೆ ಪಟ್ಟಿಗೆ ತಾಗಿ ಗಂಟೆ ಬಡಿಯುತ್ತದೆ. ಯಾರಾದರೂ ಓಡಿ ಬಂದು ಸ್ವಿಚ್ ಆರಿಸಬೇಕು. ಆಮೇಲೆ ತಂತಿಯನ್ನು ಬಿಚ್ಚಿ, ಮಣ್ಣಿನ ಹೂಜಿಯ ತಣ್ಣೀರಿಗೆ ಹಾಕಿ ಮೆತ್ತಗೆ ಮಾಡಿ, ಕೈಯಲ್ಲೇ ಬಗ್ಗಿಸಿ ಮತ್ತೆ ಕೂರಿಸಬೇಕು. ತೊಂಬತ್ತರ ಬಿಸಿಯಲ್ಲಿ ಬಗ್ಗಿಕೊಂಡೇ ಇರುತ್ತದೆ, ಆ ಇಪ್ಪತ್ತೈದು ಡಿಗ್ರಿ ಅಂತರದ ಉಪಯೋಗ ಅಷ್ಟು. ಪ್ರತಿ ಸಲ ಬಗ್ಗಿಸುವಾಗಲೂ ಮಿತಿ ದಾಟಿತೋ ಏನೋ ಎಂದು ಎರಡೆರಡು ಸಲ ನೋಡುತ್ತೇನೆ.

ಬೆಳ್ಳಿ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಇನ್ನೂ ಜ್ವರ ಬಿಟ್ಟಿಲ್ಲ, ಆದ್ದರಿಂದ ಕೂಸಿನ ಹತ್ತಿರ ಬಿಡುವುದಿಲ್ಲ. ಹಾಲು ಹಿಂಡಿ ಕೊಡುತ್ತಾಳೆ, ಕಾರ್ಮಿನ್ ಬಾಯಿ ಇಂಕಿನ ಫಿಲ್ಲರಿನಂಥದ್ದರಲ್ಲಿ ತೊಟ್ಟು ತೊಟ್ಟಾಗಿ ಕುಡಿಸುತ್ತಾರೆ. ಸಂಜೆ ಅವಳಿಗೆ ತಂತಿಯ ವಿಷಯ ಹೇಳುತ್ತಿದ್ದೆ. ಕೇಳಿ ಕೇಳಿ ಅಂದಳು:

"ತಂತಿ ಹೆಂಗೈತೆ ಅಂದ್ರೆ ಒಂದು ತಾಸು ಹೇಳ್ತೀರಿ. ಕೂಸು ಹೆಂಗೈತೆ ಅಂದ್ರೆ ಡಿಗ್ರಿ ಹೇಳ್ತೀರಿ."

"ಡಿಗ್ರಿ ಸರಿಯಾಗಿದ್ದರೆ ಕೂಸು ಸರಿಯಾಗಿದೆ ಅಂತ."

"ಕೂದಲು ಐತಾ ಅದಕ್ಕೆ?"

ನನಗೆ ಗೊತ್ತಿರಲಿಲ್ಲ. ಹತ್ತು ದಿನದಿಂದ ಪಕ್ಕದಲ್ಲಿ ಕೂತಿದ್ದೇನೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು.

ಹೋಗಿ ನೋಡಿದೆ. ಇದೆ. ಕಪ್ಪಗೆ, ಹಣೆಯವರೆಗೂ. ಬಂದು ಹೇಳಿದೆ. ಅವಳು ತಿರುಗಲಿಲ್ಲ, ಆದರೆ ಕೇಳಿಸಿಕೊಂಡಳು.

ಫೆಬ್ರವರಿ ೨೪

ಪ್ರಿನ್ಸಿಪಾಲರ ತಂತಿ ಬಂದಿದೆ. ಇದು ಅಂಚೆ ಕಚೇರಿಯ ತಂತಿ. "ರಜೆ ಮುಗಿಯಿತು. ಕೂಡಲೇ ಬರುವುದು." ಮದುವೆಯಾಗಿ ಎರಡು ವರ್ಷವಾಗಿಲ್ಲ, ಕೆಲಸ ಹೋದರೆ ಊರಿಗೆ ಹೋಗಿ ಅಪ್ಪನೆದುರು ಹೇಗೆ ನಿಲ್ಲುವುದು? ಅವರು ಇನ್ನೊಬ್ಬರ ಗದ್ದೆ ಗೇಯ್ದು ನನ್ನನ್ನು ಓದಿಸಿದವರು. ಇನ್ನು ಕೆಲವು ದಿನ ರಜೆ ಬೇಕೆಂದು ಬರೆದೆ. ಕಾಗದವನ್ನು ನಾಲ್ಕು ಸಲ ತಿದ್ದಿದೆ. "ದಯವಿಟ್ಟು" ಎಂಬುದು ಮೂರು ಕಡೆ ಇತ್ತು.

ಕೂಸಿನ ತೂಕ ಇಳಿದಿದೆ. ಮೊದಲು ಇಳಿದೇ ಏರುವುದು ಎಂದು ಕಾರ್ಮಿನ್ ಬಾಯಿ ಹೇಳುತ್ತಾರೆ. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಫೆಬ್ರವರಿ ೨೭, ಗುರುವಾರ

ಇವತ್ತು ಗಂಟೆ ಬಡಿಯಿತು.

ಬೆಳಗ್ಗೆಯಿಂದ ಕರೆಂಟಿರಲಿಲ್ಲ. ಪೆಟ್ಟಿಗೆಯಲ್ಲಿ ಬಿಸಿನೀರಿನ ಬಾಟಲಿಗಳನ್ನು ಬಟ್ಟೆ ಸುತ್ತಿ ಇಟ್ಟಿದ್ದರು. ಮಧ್ಯಾಹ್ನ ಕರೆಂಟು ಬಂದಾಗ ಬಲ್ಬು ಎಂದಿಗಿಂತ ಬೆಳ್ಳಗೆ ಉರಿಯುತ್ತಿತ್ತಂತೆ. ಬಾಟಲಿ ತೆಗೆಯುವುದರೊಳಗೆ ಹೆರಿಗೆ ಕೋಣೆಯಲ್ಲಿ ಒಬ್ಬಾಕೆ ಕೂಗಿಕೊಂಡಳು, ಕಾರ್ಮಿನ್ ಬಾಯಿಯೂ ಡಾಕ್ಟರೂ ಅಲ್ಲಿಗೆ ಓಡಿದರು. ಅತ್ತೆ ಬಟ್ಟೆ ಒಗೆಯಲು ತುಂಗೆಗೆ ಹೋಗಿದ್ದರು. ನಾನು ಜಗಲಿಯಲ್ಲಿ ಎರಡು ತುತ್ತು ತಿನ್ನುತ್ತಿದ್ದೆ.

ಗಂಟೆ ಕೇಳಿದಾಗ ಅದು ಬೇರೆ ಯಾರದೋ ಸೈಕಲ್ಲು ಎಂದುಕೊಂಡೆ. ಆಮೇಲೆ ಎಲೆ ಮೇಲಿಂದ ಎದ್ದು ಓಡಿದೆ.

ಸ್ವಿಚ್ ಆರಿಸಿದೆ. ಪಾದರಸ ನೂರಾಮೂರರಲ್ಲಿತ್ತು. ಬಲ್ಬು ಆರಿದರೂ ಬಾಟಲಿ ಬಿಸಿ, ಹಲಗೆ ಬಿಸಿ, ಇಳಿಯುತ್ತಿರಲಿಲ್ಲ. ನೂರಾನಾಲ್ಕು. ಕೂಸು ಕೆಂಪಾಗಿತ್ತು, ಬಾಯಿ ತೆರೆದಿತ್ತು, ಕೈಕಾಲು ಚೆಲ್ಲಿತ್ತು. "ಸಿಸ್ಟರ್!" ಎಂದು ಕೂಗಿದೆ. ಒಳಗಿನ ಹೆಂಗಸು ನನಗಿಂತ ಜೋರಾಗಿ ಕೂಗುತ್ತಿದ್ದಳು. ಮತ್ತೆ ಕೂಗಿದೆ. ಗಂಟೆ ಬಡಿಯುತ್ತಲೇ ಇತ್ತು.

ಮುಚ್ಚಳ ತೆಗೆದೆ. ಕೈ ತೊಳೆದಿರಲಿಲ್ಲ, ಅನ್ನದ ಅಗುಳು ಅಂಟಿತ್ತು. ಪಂಚೆಗೆ ಒರೆಸಿಕೊಂಡು ಎರಡೂ ಕೈ ಒಳಗೆ ಹಾಕಿ ಅವಳನ್ನು ಎತ್ತಿಕೊಂಡೆ.

ಅವಳಿಗೆ ಭಾರವೇ ಇಲ್ಲ. ಒಣಗಿದ ಬಟ್ಟೆ ಎತ್ತಿಕೊಂಡ ಹಾಗೆ. ಮೈ ಸುಡುತ್ತಿತ್ತು. ಏನು ಮಾಡಬೇಕೆಂದು ತಿಳಿಯದೆ ಬಾಯಿಂದ ಮೆಲ್ಲಗೆ ಗಾಳಿ ಊದಿದೆ. ಕಿಟಕಿಯ ಹತ್ತಿರ ಹೋದೆ, ಗಾಳಿ ಬೀಸಿದ್ದಕ್ಕೆ ಹೆದರಿ ಹಿಂದೆ ಬಂದೆ. ಮುಖ ಸುಕ್ಕುಗಟ್ಟಿಸಿದಳು. ಆಮೇಲೆ ಉಸಿರು ಎಳೆದುಕೊಂಡಳು, ದೊಡ್ಡದಾಗಿ. ಅಷ್ಟು ದೊಡ್ಡ ಉಸಿರು ಅವಳೊಳಗೆ ಹಿಡಿಯುತ್ತದೆಂದು ಅಂದುಕೊಂಡಿರಲಿಲ್ಲ.

ಕಾರ್ಮಿನ್ ಬಾಯಿ ಬಂದಾಗ ನಾನು ಕೋಣೆಯ ನಡುವೆ ನಿಂತಿದ್ದೆ. ಬೈಯುತ್ತಾರೆ ಎಂದುಕೊಂಡೆ. ಅವಳ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರು, ಎದೆಗೆ ಕಿವಿಗೊಟ್ಟರು.

"ತೆಗ್ದಿದ್ದು ಒಳ್ಳೇದಾಯ್ತು. ಇನ್ನೊಂದು ಸ್ವಲ್ಪ ಹೊತ್ತು ಒಳಗಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು. "ಅಂಗಿ ಬಿಚ್ಚಿ. ಕೈ ತೊಳ್ಕೊಂಡು ಬಂದು ಕೂತ್ಕಳಿ. ಎದೆಗೆ ಹಾಕ್ಕಳಿ."

"ನಾನಾ?"

"ಮತ್ಯಾರು? ನಂಗೆ ಅಲ್ಲಿ ಹೆರಿಗೆ ಇದೆ. ಪೆಟ್ಟಿಗೆ ಆರಬೇಕು. ಅಲ್ಲೀವರೆಗೆ ಹೆಚ್ಚು ಬಿಸಿನೂ ಆಗಬಾರ್ದು, ತಣ್ಣಗೂ ಆಗಬಾರ್ದು. ಮೈ ಬಿಸಿಯಷ್ಟು ಸರಿಯಾದ್ದು ಬೇರೆ ಯಾವ್ದೂ ಇಲ್ಲ."

ಕೂತೆ. ಮೇಲೆ ಒಂದು ತೆಳು ಬಟ್ಟೆ ಹೊದಿಸಿದರು. ಸಂಜೆ ಡಾಕ್ಟರು ಬಂದು ಪೆಟ್ಟಿಗೆ ಸರಿಯಾಗಿದೆ ಎಂದು ಹೇಳುವವರೆಗೆ ಕೂತಿದ್ದೆ. ಕಾಲು ಜೋಮು ಹಿಡಿದಿತ್ತು, ಅಲ್ಲಾಡಿಸಲಿಲ್ಲ. ಅವಳ ಬೆನ್ನ ಮೇಲೆ ನಯವಾದ ರೋಮವಿದೆ. ಎಡಗಿವಿಯ ಅಂಚು ಒಳಗೆ ಮಡಚಿದೆ. ನಿದ್ದೆಯಲ್ಲಿ ಹಾಲು ಕುಡಿಯುವ ಹಾಗೆ ತುಟಿ ಆಡಿಸುತ್ತಾಳೆ. ಇವನ್ನೆಲ್ಲ ಬೆಳ್ಳಿಗೆ ಹೇಳಿದೆ. ಇನ್ನೊಂದು ಸಲ ಹೇಳಿ ಎಂದಳು. ಇನ್ನೊಂದು ಸಲ ಹೇಳಿದೆ.

ತಂತಿ ಮತ್ತೆ ಬಗ್ಗಿಸಿ ಕೂರಿಸಿದ್ದೇನೆ.

ಮಾರ್ಚ್ ೨

ತೂಕ ಏರಿದೆ. ಸ್ವಲ್ಪವೇ. ಕಾರ್ಮಿನ್ ಬಾಯಿ ಈ ಸಲ ನನ್ನ ಮುಖ ನೋಡಿಕೊಂಡೇ ಹೇಳಿದರು.

ಬೆಳ್ಳಿಯ ಜ್ವರ ಬಿಟ್ಟಿದೆ. ಇವತ್ತು ಮೊದಲ ಸಲ ಪೆಟ್ಟಿಗೆಯ ಹತ್ತಿರ ಬಂದು ನಿಂತಳು. ಆಮೇಲೆ, "ಥೇಟ್ ನಿಮ್ಮ ಹಣೆ" ಎಂದಳು, ಬೇಸರದಿಂದ ಎಂಬಂತೆ.

ಮಾರ್ಚ್ ೭

ನಾಳೆ ಸಮಿತಿ. ಇವತ್ತು ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ, ನಾಡಿದ್ದು ವಾಪಸ್ಸು. ಡಾಕ್ಟರು ತಂತಿ ಬಿಚ್ಚಿಕೊಡಲು ಬಂದರು. ಬೇಡ ಎಂದೆ.

"ಎಂತ? ಅದನ್ನು ತೋರಿಸ್ಲಿಕ್ಕೆ ಅಲ್ವಾ ನೀವು ಹೋಗೋದು?"

"ಮಧ್ಯಾಹ್ನದ ಬಿಸಿಲು ಈಗ ಮೊದಲಿನ ಹಾಗಿಲ್ಲ ಸಾರ್. ಇಲ್ಲಿರಲಿ."

ಅತ್ತೆಗೆ ಎಲ್ಲವನ್ನೂ ಹೇಳಿಕೊಟ್ಟೆ. ಗಂಟೆ ಬಡಿದರೆ ಮೊದಲು ಸ್ವಿಚ್, ಆಮೇಲೆ ಮುಚ್ಚಳ. ನಾಲ್ಕು ಸಲ ಹೇಳಿದೆನಂತೆ. "ಗೊತ್ತಾಯ್ತು, ಹೋಗ್ಬನ್ನಿ ಅಳಿಯಂದ್ರೇ, ನಾನೂ ಮಕ್ಕಳನ್ನ ಸಾಕಿದೋಳೇ" ಎಂದರು.

ಸಾಗರ, ಮಾರ್ಚ್ ೮

ಪ್ರಿನ್ಸಿಪಾಲರು ಬೆಳಿಗ್ಗೆ ಮೊದಲು ಕೇಳಿದ್ದು ತಂತಿ ಎಲ್ಲಿ ಎಂದು. ತೀರ್ಥಹಳ್ಳಿಯಲ್ಲಿ ಕೆಲಸದಲ್ಲಿದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕೆಂಪಾಯಿತು.

"ನಿಮ್ಮ ಮನೆ ತಾಪತ್ರಯಕ್ಕೆ ಕಾಲೇಜಿನ ಮರ್ಯಾದೆ ಹರಾಜು ಹಾಕ್ತೀರೇನ್ರೀ? ಬೇರೆಯವರ ವಸ್ತು ಅದು!"

"ಅವರಿಗೆ ನಾನೇ ಹೇಳ್ತೀನಿ ಸಾರ್."

ಸಮಿತಿಯವರು ಬಂದಾಗ ಖಾಲಿ ಮೇಜಿನ ಹಿಂದೆ ನಿಂತು ಹೇಳಿದೆ. ಕಪ್ಪು ಹಲಗೆಯ ಮೇಲೆ ಏರುವ ದಾರಿ, ಇಳಿಯುವ ದಾರಿ ಎರಡನ್ನೂ ಬರೆದೆ. ಚಹಾಪುಡಿ ಪೆಟ್ಟಿಗೆಯಲ್ಲಿ ಮಾಡಿದ ಪರೀಕ್ಷೆ ಹೇಳಿದೆ, ನನ್ನ ಸಾಧನ ಎಲ್ಲಿ ತಪ್ಪಿತ್ತು ಎಂಬುದನ್ನೂ ಹೇಳಿದೆ. ನಾರಾಯಣಮೂರ್ತಿ ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳುತ್ತಿದ್ದರು.

"ಎಷ್ಟು ಸಲ ಬಗ್ಗಿಸಿದಿರಿ ಈವರೆಗೆ?"

"ಲೆಕ್ಕ ಇಡಲಿಲ್ಲ ಸಾರ್."

ಒಬ್ಬರು ನಕ್ಕರು. ಮೇಷ್ಟ್ರು ನಗಲಿಲ್ಲ. "ಮಗು ಪೆಟ್ಟಿಗೆಯಿಂದ ಹೊರಗೆ ಬರುವ ತನಕ ತಂತಿ ಅಲ್ಲೇ ಇರಲಿ. ಆಮೇಲೂ ಆಸ್ಪತ್ರೆಯವರಿಗೆ ಬೇಕಿದ್ದರೆ ನನಗೆ ಬರೆಯಿರಿ" ಎಂದರು. ಪ್ರಿನ್ಸಿಪಾಲರು ಊಟದ ಹೊತ್ತಿನಲ್ಲಿ ನನ್ನ ಕೂಡ ಮಾತಾಡಲಿಲ್ಲ. ನಾಳೆಯಿಂದ ಕೆಲಸ ಇರುತ್ತದೋ ಇಲ್ಲವೋ ತಿಳಿಯದು. ಕೇಳಬೇಕೆಂದಿದ್ದೆ. ತೀರ್ಥಹಳ್ಳಿಗೆ ಬೆಳಗಿನ ಮೊದಲ ಬಸ್ಸು ಎಷ್ಟಕ್ಕೆ ಎಂದು ವಿಚಾರಿಸುವುದರಲ್ಲಿ ಮರೆತುಹೋಯಿತು.

ತೀರ್ಥಹಳ್ಳಿ, ಮಾರ್ಚ್ ೯, ಭಾನುವಾರ

ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಬಿಸಿಲು ಏರುತ್ತಿತ್ತು. ಪೆಟ್ಟಿಗೆಯಲ್ಲೂ ಏರುತ್ತಿರುತ್ತದೆ ಎಂದು ಕೂತಲ್ಲಿ ಕೂರಲಾಗಲಿಲ್ಲ. ಕಡೆಗೆ ಅಕ್ಕಿಮೂಟೆಯ ಲಾರಿಯೊಂದು ಹತ್ತಿಕೊಂಡು ಬಂದೆ. ಚಪ್ಪಲಿ ಬಿಟ್ಟೆನೋ ಇಲ್ಲವೋ, ನೇರ ಕೋಣೆಗೆ ಹೋದೆ.

ಪೆಟ್ಟಿಗೆ ಖಾಲಿ.

ಬಲ್ಬು ಆರಿತ್ತು. ಹತ್ತಿ ತೆಗೆದಿದ್ದರು. ತೊಳೆದ ಮುಚ್ಚಳವನ್ನು ಗೋಡೆಗೆ ಒರಗಿಸಿದ್ದರು. ಕೋಣೆಯಲ್ಲಿ ಯಾರೂ ಇರಲಿಲ್ಲ. ಬೆಳ್ಳಿಯ ಹಾಸಿಗೆಯೂ ಖಾಲಿಯಿತ್ತು. ಗೋಡೆ ಹಿಡಿದುಕೊಂಡು ಹಿತ್ತಲ ಬಾಗಿಲವರೆಗೆ ನಡೆದೆ.

ಹಿತ್ತಲ ಮೆಟ್ಟಿಲ ಮೇಲೆ, ಮಾವಿನ ಮರದ ನೆರಳಿನಲ್ಲಿ ಬೆಳ್ಳಿ ಕೂತಿದ್ದಳು. ಸೆರಗಿನ ಒಳಗೆ ಮಗಳು. ಅತ್ತೆ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದರು.

"ಶ್, ಈಗಷ್ಟೇ ಬಾಯಿ ಹಾಕೈತೆ" ಎಂದಳು ಬೆಳ್ಳಿ. ಆಮೇಲೆ ನನ್ನ ಮುಖ ನೋಡಿ, "ಎಂತ ಆಯ್ತು ನಿಮಗೆ? ಕೂತ್ಕಳಿ, ಕೂತ್ಕಳಿ ಮೊದಲು" ಎಂದಳು.

ಕೂತೆ. ನಿನ್ನೆ ಸಂಜೆ ಡಾಕ್ಟರು ತೂಕ ನೋಡಿ, ಇನ್ನು ಪೆಟ್ಟಿಗೆ ಬೇಡ, ತಾಯಿ ಹತ್ತಿರವೇ ಇರಲಿ ಎಂದರಂತೆ. ರಾತ್ರಿ ಇಡೀ ಅವಳು ಬೆಳ್ಳಿಯ ಪಕ್ಕದಲ್ಲೇ ಮಲಗಿದ್ದಳಂತೆ. ಕೈಕಾಲು ಬೆಚ್ಚಗಿತ್ತಂತೆ. ಎರಡು ಸಲ ಎದ್ದು ಅತ್ತಳಂತೆ, ಪಕ್ಕದ ಹಾಸಿಗೆಯವರಿಗೂ ಎಚ್ಚರವಾಯಿತಂತೆ. ಅದನ್ನು ಹೇಳುವಾಗ ಅತ್ತೆಗೆ ಹೆಮ್ಮೆ.

ಸ್ವಲ್ಪ ಹೊತ್ತಿಗೆ ಬೆಳ್ಳಿ, "ಹಿಡ್ಕಳಿ ಇವಳನ್ನ, ಸ್ನಾನ ಮಾಡಿ ಬರ್ತೀನಿ" ಎಂದು ನನ್ನ ಕೈಗೆ ಕೊಟ್ಟು ಹೋದಳು. ಇನ್ನೂ ಬಂದಿಲ್ಲ. ಅತ್ತೆ ಒಳಗೆ ಅನ್ನಕ್ಕೆ ಇಟ್ಟಿದ್ದಾರೆ.

ಬಲಗೈ ಮೇಲೆ ಮಲಗಿದ್ದಾಳೆ. ತೆಗೆದರೆ ಎದ್ದಾಳು. ಇದನ್ನೆಲ್ಲ ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಪಟ್ಟ. ಇರಲಿ.